ಕೃಷ್ಣೆಯ ಕೆಸರಿನಲ್ಲಿ ಉರಿಯುವ ಮಂಜುಗಡ್ಡೆ

ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೊಬೈಲಿನಲ್ಲಿ ವಿಡಿಯೊ ನೋಡಿ ಬಂದು ಕೇಳಿದ: “ಸರ, ಸಮುದ್ರದ ತಳದಾಗ ಮಿಥೇನ್ ಬಾಂಬ್ ಐತಂತ. ಸಮುದ್ರ ಕಾದ್ರ ಅದು ಒಡೀತೈತಂತ. ಖರೇ ಏನ್ರಿ?”

ಜತ್ತ ತಾಲ್ಲೂಕಿನವರಿಗೆ ಕುಡಿಯೋ ನೀರಿನದೇ ಚಿಂತೆ, ಸಮುದ್ರದ ಚಿಂತೆ ಯಾಕೆ ಅನ್ನಬೇಡಿ. ಅದರಲ್ಲಿ ನಮ್ಮ ಮಣ್ಣಿನ ಪಾಲೂ ಇದೆ.

ನಕಾಶೆ ತೆಗೆದು ನೋಡಿ. ಅರಬ್ಬೀ ಸಮುದ್ರ ನಮಗೆ ಹತ್ತಿರ, ಆದರೆ ನಮ್ಮ ನೀರು ಆ ಕಡೆ ಹೋಗೋದಿಲ್ಲ. ಮಳೆಗಾಲದಲ್ಲಿ ಬೋರ ನದಿ ಭೀಮೆಯನ್ನು ಸೇರುತ್ತದೆ, ಭೀಮೆ ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುತ್ತದೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ನೀರಿನ ಸಂಗಡ ಎರಿ ಮಣ್ಣು, ಎಲೆ, ಕಸ, ಸಗಣಿ ಎಲ್ಲಾ ಹೋಗುತ್ತದೆ. ಗೋದಾವರಿಯೂ ಅಲ್ಲೇ ಪಕ್ಕದಲ್ಲಿ ಸಮುದ್ರಕ್ಕೆ ಬೀಳುತ್ತದೆ. ಲಕ್ಷಾಂತರ ವರ್ಷಗಳಿಂದ ಈ ಕೆಸರು ಪದರ ಪದರವಾಗಿ ಕೂತ ಜಾಗವೇ ಕೃಷ್ಣಾ–ಗೋದಾವರಿ ಕೊಳ್ಳ.

ಕೆಸರಿನ ಒಳಗೆ ಆಮ್ಲಜನಕವಿಲ್ಲ. ಅಲ್ಲಿ ಸೂಕ್ಷ್ಮಜೀವಿಗಳು ಕೊಳೆತದ್ದನ್ನು ತಿಂದು ಮಿಥೇನ್ ಬಿಡುತ್ತವೆ. ನಿಮ್ಮೂರಿನ ಗೋಬರ್ ಗ್ಯಾಸಿನ ಗುಂಡಿಯಲ್ಲಿ ನಡೆಯುವುದೂ ಇದೇ. ಆದರೆ ಗುಂಡಿಯ ಗ್ಯಾಸು ಒಲೆಗೆ ಬರುತ್ತದೆ, ಸಮುದ್ರದ ತಳದ್ದು ಬರೋದಿಲ್ಲ. ಯಾಕೆ? ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 1000 ಮೀಟರ್ ಕೆಳಗೆ ಅದು ನಮ್ಮ ತಲೆಯ ಮೇಲಿರೋದರ ಸುಮಾರು 100 ಪಟ್ಟು. ಮೇಲೆ ನೀರು ಬೆಚ್ಚಗಿದ್ದರೂ ಅಲ್ಲಿ ಬರೀ 6–7 ಡಿಗ್ರಿ ಸೆಲ್ಸಿಯಸ್. ಇಂಥ ಒತ್ತಡ, ಇಂಥ ಚಳಿಯಲ್ಲಿ ನೀರಿನ ಅಣುಗಳು ಪಂಜರದ ಹಾಗೆ ಜೋಡಣೆಯಾಗಿ ಮಿಥೇನನ್ನು ಒಳಗೆ ಹಿಡಿದಿಡುತ್ತವೆ. ಇದೇ ಮಿಥೇನ್ ಹೈಡ್ರೇಟ್. ನೋಡಲು ಮಂಜುಗಡ್ಡೆ, ಕಡ್ಡಿ ಗೀರಿದರೆ ಉರಿಯುತ್ತದೆ! ಒಂದು ಘನ ಮೀಟರ್ ಹೈಡ್ರೇಟ್ ಕರಗಿದರೆ ಸುಮಾರು 160 ಘನ ಮೀಟರ್ ಗ್ಯಾಸು.

ಇದು ಬರೀ ಲೆಕ್ಕಾಚಾರವಲ್ಲ. 2006ರಲ್ಲಿ ‘ಜಾಯ್ಡಿಸ್ ರೆಸಲ್ಯೂಷನ್’ ಎಂಬ ಹಡಗು ಈ ಕೊಳ್ಳದಲ್ಲಿ ಕೊರೆದಾಗ ಒಂದು ಕಡೆ ಸುಮಾರು 130 ಮೀಟರ್ ದಪ್ಪದ ಹೈಡ್ರೇಟ್ ಇರುವ ಪದರ ಸಿಕ್ಕಿತು. 2018ರಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ‘ಸಿಂಧು ಸಾಧನಾ’ ಹಡಗಿನಲ್ಲಿ ಹೋಗಿ, ತಳದಿಂದ ಮಿಥೇನ್ ಜಿನುಗುವ ಜಾಗವನ್ನೂ ಅದನ್ನು ನೆಚ್ಚಿ ಬದುಕುವ ಚಿಪ್ಪುಜೀವಿಗಳನ್ನೂ ಕಂಡರು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಭೂಮಿಯಲ್ಲಿ ಹೆಚ್ಚಾದ ಶಾಖದ ಶೇಕಡಾ 90ಕ್ಕೂ ಹೆಚ್ಚು ಪಾಲನ್ನು ಸಮುದ್ರವೇ ನುಂಗಿದೆ. ಹಾಗಾದರೆ ಪಂಜರ ಒಡೆಯೋದಿಲ್ಲವೇ? ನಮ್ಮ 1000 ಮೀಟರ್ ಆಳದ ಹೈಡ್ರೇಟ್ ಸುಮಾರು 12 ಡಿಗ್ರಿವರೆಗೆ ತಡೆದುಕೊಳ್ಳುತ್ತದೆ. ಅಲ್ಲದೆ ಶಾಖ ಕೆಸರಿನೊಳಗೆ ಇಳಿಯಲು ನೂರಾರು ವರ್ಷ ಬೇಕು. ಅಪಾಯ ಇರೋದು ಅಂಚಿನಲ್ಲಿ, ಆರ್ಕ್ಟಿಕ್‌ನಂಥ ಕಡೆ ಕಡಿಮೆ ಆಳದಲ್ಲಿ ಇರುವುದಕ್ಕೆ. 2008ರಲ್ಲಿ ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರ 250ಕ್ಕೂ ಹೆಚ್ಚು ಕಡೆ ಗುಳ್ಳೆಗಳು ಏಳುತ್ತಿದ್ದವು. ಸಮುದ್ರ ಕಾದದ್ದೇ ಕಾರಣ ಎಂದು ಸುದ್ದಿಯಾಯಿತು. ಆಮೇಲೆ ಅಲ್ಲಿನ ಸುಣ್ಣದ ಪದರ ಪರೀಕ್ಷಿಸಿದರೆ, ಈ ಜಿನುಗು ಸಾವಿರಾರು ವರ್ಷಗಳಿಂದಲೇ ಇತ್ತು! ವಿಡಿಯೊದವರು ಇದನ್ನು ಹೇಳೋದೇ ಇಲ್ಲ.

ಆಳದಲ್ಲಿ ಎದ್ದ ಗುಳ್ಳೆಯ ಮಿಥೇನ್ ದಾರಿಯಲ್ಲೇ ನೀರಿಗೆ ಕರಗುತ್ತದೆ. ಸೂಕ್ಷ್ಮಜೀವಿಗಳು ಅದನ್ನು ತಿಂದು ಕಾರ್ಬನ್ ಡೈಆಕ್ಸೈಡ್ ಮಾಡುತ್ತವೆ, ನೀರಿನ ಆಮ್ಲಜನಕ ಅಷ್ಟು ಕಡಿಮೆಯಾಗುತ್ತದೆ. ಗಾಳಿಗೆ ಬರೋದು ತೀರಾ ಸ್ವಲ್ಪ. ಈ ಶತಮಾನದಲ್ಲಿ ಹೈಡ್ರೇಟ್‌ನಿಂದ ಎದ್ದು ಕಾಣುವಷ್ಟು ಮಿಥೇನ್ ಗಾಳಿಗೆ ಬರುವ ಸಂಭವ ಬಹಳ ಕಡಿಮೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಹೇಳಿದೆ. ನನಗೆ ಹೆಚ್ಚು ಹೆದರಿಕೆ ಈಗಾಗಲೇ ಗಾಳಿಯಲ್ಲಿರುವ ಮಿಥೇನಿನದು. ಅದು 1750ರಲ್ಲಿದ್ದದ್ದರ ಎರಡೂವರೆ ಪಟ್ಟು ದಾಟಿದೆ. ದನಗಳ ಹೊಟ್ಟೆ, ಭತ್ತದ ಗದ್ದೆ, ಊರ ಕಸದ ಗುಡ್ಡೆ, ಕಲ್ಲಿದ್ದಲ ಗಣಿ, ಸೋರುವ ಗ್ಯಾಸಿನ ಪೈಪು, ಇವೆಲ್ಲದರಿಂದ ಬಂದದ್ದು. 20 ವರ್ಷದ ಲೆಕ್ಕದಲ್ಲಿ ಒಂದು ಕಿಲೊ ಮಿಥೇನ್ ಸುಮಾರು 80 ಕಿಲೊ ಕಾರ್ಬನ್ ಡೈಆಕ್ಸೈಡಿನಷ್ಟು ಶಾಖ ಹಿಡಿಯುತ್ತದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಹಂಗಾದ್ರ ಅದನ್ನ ತಗದು ಒಲಿ ಹಚ್ಚಬಹುದಲ್ಲರಿ ಸರ?” ಸರಕಾರವೂ ಅದಕ್ಕೇ ಹುಡುಕಿಸಿದ್ದು! ಜಪಾನಿನವರು 2013ರಲ್ಲಿ ಸಮುದ್ರದ ತಳದಿಂದ ಈ ಗ್ಯಾಸು ತೆಗೆದು ನೋಡಿದರು. ಆರೇ ದಿನಕ್ಕೆ ಬಾವಿಯೊಳಗೆ ಮರಳು ನುಗ್ಗಿ ನಿಲ್ಲಿಸಬೇಕಾಯಿತು. ತೆಗೆದು ಉರಿಸಿದರೂ ಕಾರ್ಬನ್ ಡೈಆಕ್ಸೈಡ್ ಬಂದೇ ಬರುತ್ತದೆ, ಸಮುದ್ರ ಮತ್ತಷ್ಟು ಕಾಯುತ್ತದೆ.