‘ಇವತ್ತ ಏನ ಮಾಡೋಣ?’ ಮಕ್ಕಳನ್ನೇ ಕೇಳಿ

ಗದಗ ತಾಲ್ಲೂಕಿನ ಕೋಟುಮಚಗಿಗೆ ವಿದ್ಯೆಯ ನಂಟು ಬಹಳ ಹಳೆಯದು. ಚಾಲುಕ್ಯ ದೊರೆ ಐದನೆಯ ವಿಕ್ರಮಾದಿತ್ಯನ ಕಾಲದ ಇಲ್ಲಿನ 1012ರ ಶಾಸನ, ವಿದ್ಯಾದಾನಕ್ಕೆಂದು ಭೂಮಿ ಬಿಟ್ಟದ್ದನ್ನು ತಿಳಿಸುತ್ತದೆ. ಏನು ಕಲಿಸಬೇಕೆಂಬುದನ್ನು ಆಗ ಹಿರಿಯರೇ ನಿರ್ಧರಿಸುತ್ತಿದ್ದರು. ಅಂಗನವಾಡಿಗೆ ಬರುವ 3ರಿಂದ 6 ವರ್ಷದ ಮಕ್ಕಳ ವಿಷಯದಲ್ಲಿ ಇಂದಿಗೂ ಬಹುಮಟ್ಟಿಗೆ ಹಾಗೆಯೇ. ದಿನದ ಚಟುವಟಿಕೆ ಗೊತ್ತುಮಾಡುವಾಗ ಆ ಮಕ್ಕಳನ್ನೂ ಒಂದು ಮಾತು ಕೇಳಬಾರದೆ?

‘ಅಷ್ಟು ಸಣ್ಣವರಿಗೆ ಏನು ತಿಳಿಯುತ್ತದೆ?’ ಎಂದು ಪಾಲಕರು ಹೇಳಬಹುದು. ಮಣ್ಣೆತ್ತಿನ ಅಮಾವಾಸ್ಯೆಯನ್ನೇ ತೆಗೆದುಕೊಳ್ಳಿ. ಅಕ್ಕೋರು ಒಂದು ಎತ್ತು ಮಾಡಿ ‘ಹಿಂಗ ಮಾಡ್ರಿ’ ಎಂದರೆ ಮಕ್ಕಳು ನಕಲು ಮಾಡುತ್ತಾರೆ, ಅಷ್ಟೆ. ಬದಲಾಗಿ ‘ಎಷ್ಟು ಎತ್ತು ಮಾಡೋಣ? ಮಣ್ಣು ಯಾರು ಕಲಸ್ತೀರಿ? ಗ್ವಾದಲಿ ಎಲ್ಲಿ ಇಡೋಣ?’ ಎಂದು ಕೇಳಿದರೆ ಒಂದು ಮಗು ಎಣಿಸುತ್ತದೆ, ಇನ್ನೊಂದು ಜಾಗ ನೋಡುತ್ತದೆ. ನೀರು ಹೆಚ್ಚಾಗಿ ಎತ್ತಿನ ಕಾಲು ಕುಸಿದಾಗ ಒಣಮಣ್ಣು ಬೆರೆಸುವ ಉಪಾಯ ಮತ್ತೊಂದಕ್ಕೆ ಹೊಳೆಯುತ್ತದೆ. ಊಹಿಸುವುದು, ಮಾಡಿ ನೋಡುವುದು, ತಪ್ಪಿದ್ದನ್ನು ತಿದ್ದುವುದು; ವಿಜ್ಞಾನದ ದಾರಿಯೂ ಇದೇ ಅಲ್ಲವೆ?

ಇದು ಹೊಸ ವಿಚಾರವೇನಲ್ಲ. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಮಗುವಿನ ಸ್ವಾತಂತ್ರ್ಯಕ್ಕೆ ಬೆಲೆ ಕೊಟ್ಟರು. 1960ರ ದಶಕದಲ್ಲಿ ಅಮೆರಿಕದ ಇಪ್ಸಿಲಾಂಟಿ ಪಟ್ಟಣದಲ್ಲಿ ಡೇವಿಡ್ ವೈಕಾರ್ಟ್ ಮತ್ತು ಸಂಗಡಿಗರು ಬಡ ಮಕ್ಕಳಿಗಾಗಿ ನಡೆಸಿದ ಶಿಶುಶಾಲೆಯಿಂದ ‘ಯೋಜಿಸು, ಮಾಡು, ಮಾಡಿದ್ದನ್ನು ಹೇಳು’ ಎಂಬ ಕ್ರಮ ಬೆಳೆಯಿತು. ಆ ಅಧ್ಯಯನದ 123 ಮಕ್ಕಳನ್ನು 40ನೇ ವಯಸ್ಸಿನವರೆಗೂ ಗಮನಿಸಲಾಯಿತು. ಪ್ರೌಢಶಿಕ್ಷಣ ಮುಗಿಸಿದವರ ಪ್ರಮಾಣ ಶಿಶುಶಾಲೆಗೆ ಹೋದವರಲ್ಲೇ ಹೆಚ್ಚಿತ್ತು. ಶಿಕ್ಷಕರು ಮನೆಗೂ ಭೇಟಿ ಕೊಡುತ್ತಿದ್ದುದರಿಂದ, ಯಶಸ್ಸೆಲ್ಲ ಈ ಕ್ರಮವೊಂದರದೇ ಎನ್ನಲಾಗದು.

ಮಕ್ಕಳನ್ನು ಕೇಳುವುದೆಂದರೆ ಮನಬಂದಂತೆ ಬಿಡುವುದಲ್ಲ. ಊಟದ ವೇಳೆ, ಕೈ ತೊಳೆಯುವುದು, ಲಸಿಕೆ ಇವೆಲ್ಲ ಹಿರಿಯರ ನಿರ್ಧಾರಗಳೇ. ಆಟ, ಹಾಡು, ಕತೆಯಲ್ಲಿ ಎರಡು ಮೂರು ಆಯ್ಕೆ ಕೊಟ್ಟರೆ ಸಾಕು. ಮಾತನಾಡಲು ಅಂಜುವ ಮಗು ಚಿತ್ರ ಮುಟ್ಟಿ ತೋರಿಸಲಿ. ಯಾವಾಗಲೂ ಜೋರು ಮಕ್ಕಳ ಮಾತೇ ನಡೆಯದಂತೆ ಸರದಿ ಇರಲಿ. ಕೇಳಿದ ಮೇಲೆ ಅದರಂತೆ ನಡೆಯಬೇಕು. ಕೇಳಿ ಕೈಬಿಟ್ಟರೆ ಮಗು ಮುಂದೆ ಹೇಳುವುದನ್ನೇ ಬಿಡುತ್ತದೆ.

ಎಸ್ಸೆಸ್ಸೆಲ್ಸಿ ಮುಗಿದಾಗ ‘ಮುಂದೇನು?’ ಎಂದರೆ ಅಪ್ಪನ ಮುಖ ನೋಡುವ ಮಕ್ಕಳು ಎಷ್ಟಿಲ್ಲ! ಆರಿಸಿಕೊಳ್ಳುವ ಧೈರ್ಯ ಹದಿನಾರಕ್ಕೆ ಒಮ್ಮೆಲೇ ಬರುವಂಥದ್ದಲ್ಲ. ಸಂಜೆ ಮನೆಗೆ ಬಂದ ಕೂಸನ್ನು ‘ಎಷ್ಟ ಬರದಿ?’ ಎಂದು ಕೇಳುವ ಮೊದಲು ‘ಏನ ಮಾಡಬೇಕಂದಿದ್ದಿ? ಏನಾತು?’ ಎಂದು ಕೇಳಿ. ತಮ್ಮ ತಂಗಿಯರಿರುವ ವಿದ್ಯಾರ್ಥಿಗಳೂ ಇದನ್ನು ಮಾಡಬಹುದು. ಇದಕ್ಕೆ ಹತ್ತು ನಿಮಿಷ ಸಾಕು, ಖರ್ಚಂತೂ ಇಲ್ಲ.