ಕ್ಯಾಬಿನೆಟ್ಟಿನ ಬಾಗಿಲು ತೆಗೆಸಿ ನೋಡಿ

ಬಳ್ಳಾರಿ ಕಡೆ ಕಂಪ್ಯೂಟರಿಗೆ ಫುಲ್ ಟವರ್ ಕ್ಯಾಬಿನೆಟ್ ಬೇಕಾಗುವುದು ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊಗಳಿಗೆ, ದೊಡ್ಡ ಡಿಸೈನ್ ಫೈಲುಗಳ ಜೊತೆ ಗುದ್ದಾಡುವವರಿಗೆ, ಗೇಮ್ ಆಡುವ ಹುಡುಗರಿಗೆ. ಕೊಳ್ಳುವಾಗ ಎತ್ತರ, ಗಾಜು, ಬಣ್ಣದ ದೀಪ ನೋಡುತ್ತೇವೆ. ಪಕ್ಕದ ಬಾಗಿಲು ಬಿಚ್ಚಿಸಿ ಒಳಗೆ ಕೈಯಾಡಿಸಿ ನೋಡುವವರು ಕಡಿಮೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ದೂಳಿಗೆ ಬಿಡುವೇ ಇಲ್ಲದ ಈ ಜಿಲ್ಲೆಯಲ್ಲಿ ನೋಡಬೇಕಾದದ್ದು ಒಳಗನ್ನೇ.

ತಪ್ಪು ಕಲ್ಪನೆ: "ಡಬ್ಬಿ ದೊಡ್ಡದಿದ್ರೆ ಹೀಟ್ ಆಗಲ್ಲ."

ಒಳಗೆ 80 ಲೀಟರ್ ಜಾಗವಿದ್ದರೂ ಅಲ್ಲಿರುವ ಗಾಳಿ ಹೊರಗೆ ಹೋಗದಿದ್ದರೆ ಅದು ಬಿಸಿ ಗಾಳಿಯ ಉಗ್ರಾಣವಷ್ಟೇ. ಮುಂದಿನ ಮೂರು ಫ್ಯಾನುಗಳಿಗೆ ಎಳೆಯಲು ದಾರಿ ಇದ್ದರೆ ಆ 80 ಲೀಟರ್ ಗಾಳಿ ಕೆಲವೇ ಸೆಕೆಂಡಿನಲ್ಲಿ ಬದಲಾಗುತ್ತದೆ. ಮುಂಭಾಗಕ್ಕೆ ಪೂರಾ ಗಾಜು ಹೊದಿಸಿ ಅಂಚಿನಲ್ಲಿ ಬೆರಳಗಲದ ಸೀಳು ಬಿಟ್ಟ ಕ್ಯಾಬಿನೆಟ್ಟಿನಲ್ಲಿ ಫ್ಯಾನು ಸದ್ದು ಮಾಡುತ್ತದೆ, ಗಾಳಿ ಬರುವುದಿಲ್ಲ. ಚಂದ ಬೇಕಾದರೆ ಗಾಜು ಪಕ್ಕಕ್ಕಿರಲಿ, ಮುಂದೆ ಜಾಲರಿಯೇ ಇರಲಿ. ಈ ವಿಷಯದಲ್ಲಿ ರಾಜಿ ಬೇಡ.

ತಪ್ಪು ಕಲ್ಪನೆ: "ವಾಟರ್ ಕೂಲರ್ ಹಾಕಿಸಿದ್ರೆ ಬೇಸಿಗೆಗೆ ಹೆದರಬೇಕಿಲ್ಲ."

ನೀರು ಪ್ರೊಸೆಸರಿನ ಬಿಸಿಯನ್ನು ರೇಡಿಯೇಟರಿಗೆ ಸಾಗಿಸುತ್ತದೆ. ಅಲ್ಲಿಂದ ಮುಂದೆ ತಂಪು ಮಾಡಬೇಕಾದದ್ದು ಅದೇ ಕೋಣೆಯ ಗಾಳಿ. ಕೋಣೆಯೇ 40 ಡಿಗ್ರಿ ಇದ್ದಾಗ ನೀರು ಅದಕ್ಕಿಂತ ತಣ್ಣಗಾಗುವುದಿಲ್ಲ. ಹೊರದೇಶದ ಪರೀಕ್ಷೆಗಳು ಸಾಮಾನ್ಯವಾಗಿ 20ರಿಂದ 25 ಡಿಗ್ರಿಯ ಕೋಣೆಯಲ್ಲಿ ನಡೆಯುತ್ತವೆ. ಅವರ ಅಂಕಿಗೆ ಇಲ್ಲಿನ ಮೇ ತಿಂಗಳಲ್ಲಿ ಹೆಚ್ಚುಕಡಿಮೆ 15 ಡಿಗ್ರಿ ಕೂಡಿಸಿಕೊಂಡು ಓದಿ. ಅಲ್ಲಿ 80ರಲ್ಲಿ ನೆಮ್ಮದಿಯಾಗಿದ್ದ ಪ್ರೊಸೆಸರ್ ಇಲ್ಲಿ 95 ಮುಟ್ಟಿ, ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸಬಹುದು.

ತಪ್ಪು ಕಲ್ಪನೆ: "ಫ್ಯಾನ್ ಜಾಸ್ತಿ ಆದಷ್ಟೂ ಒಳ್ಳೇದು."

ಲೆಕ್ಕಕ್ಕಿಂತ ದಿಕ್ಕು ಮುಖ್ಯ. ಮುಂದಿನಿಂದ ಒಳಗೆ, ಹಿಂದೆ ಮತ್ತು ಮೇಲಿನಿಂದ ಹೊರಗೆ. ಒಳಗೆ ಬರುವುದು ತುಸು ಹೆಚ್ಚೇ ಇರಲಿ. ಹೊರಗೆ ದೂಡುವುದು ಹೆಚ್ಚಾದರೆ ಕೊರತೆ ತುಂಬಲು ಪ್ರತಿ ಸಂದಿನಿಂದಲೂ ಗಾಳಿ ನುಗ್ಗುತ್ತದೆ. ಆ ಸಂದುಗಳಿಗೆ ಫಿಲ್ಟರ್ ಇರುವುದಿಲ್ಲ.

ತಪ್ಪು ಕಲ್ಪನೆ: "ಫಿಲ್ಟರ್ ಐತಲ್ಲ, ದೂಳಿನ ಚಿಂತೆ ಯಾಕೆ?"

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದುಬಾರಿ ನಂಬಿಕೆ. ದೂಳು ಊರಿಂದೂರಿಗೆ ಬೇರೆ. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಯುವ ಕೇರಿಗಳ ನೂಲಿನ ಜುಂಗು ಜಾಲರಿಗೆ ಅಂಟಿ ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳಿಂದ ಹಾರುವ ಹೊಟ್ಟಿನ ಪುಡಿ. ಕುರುಗೋಡಿನ ಸುತ್ತಲ ಎರೆ ಹೊಲಗಳ ಮಣ್ಣು ಬೇಸಿಗೆಯಲ್ಲಿ ಎಷ್ಟು ನಯವಾಗಿ ಏಳುತ್ತದೆಂದರೆ ದಪ್ಪ ಕಣ್ಣಿನ ಜಾಲರಿಯನ್ನು ದಾಟಿ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕೂರುತ್ತದೆ. ಫಿಲ್ಟರ್ ದೂಳನ್ನು ಹಿಡಿದಿಡುತ್ತದೆ ಅಷ್ಟೇ, ತೊಳೆಯಬೇಕಾದವರು ನಾವು. ತೊಳೆಯದ ಫಿಲ್ಟರ್ ಅಂದರೆ ಮುಚ್ಚಿದ ಕಿಟಕಿ. ಆದ್ದರಿಂದ ಅಂಗಡಿಯಲ್ಲೇ ಪರೀಕ್ಷಿಸಿ: ಸ್ಕ್ರೂಡ್ರೈವರ್ ಇಲ್ಲದೆ ಮುಂದಿನ ಫಿಲ್ಟರ್ ಬರುತ್ತದೆಯೇ? ಎಸ್‌ಎಂಪಿಎಸ್ ಕೆಳಗಿನ ಫಿಲ್ಟರ್ ಮುಂದಕ್ಕೆ ಜಾರುತ್ತದೆಯೋ ಹಿಂದಕ್ಕೋ? ಹಿಂದಕ್ಕೆ ಎಳೆಯುವಂಥದ್ದಾದರೆ ಪ್ರತಿ ಸಲ ಇಡೀ ಟವರನ್ನು ಗೋಡೆಯಿಂದ ಸರಿಸಬೇಕು. ಎರಡನೇ ತಿಂಗಳಿಗೇ ಅದನ್ನು ಬಿಟ್ಟುಬಿಡುತ್ತೇವೆ.

ತಪ್ಪು ಕಲ್ಪನೆ: "ಫುಲ್ ಟವರ್ ಅಂದ್ಮೇಲೆ ಎಲ್ಲಾ ಹಿಡಿಸುತ್ತೆ."

ಟೇಪು ಹಿಡಿದು ಅಳೆಯಿರಿ. ಗ್ರಾಫಿಕ್ಸ್ ಕಾರ್ಡಿಗೆ 380 ಮಿ.ಮೀ. ಜಾಗ ಎಂದು ಬರೆದಿರುತ್ತಾರೆ. ಮುಂದೆ ರೇಡಿಯೇಟರ್, ಅದರ ಫ್ಯಾನು ಸೇರಿ ಸುಮಾರು 55 ಮಿ.ಮೀ. ಹೋದರೆ ಉಳಿಯುವುದು 325. ಇಂದಿನ ದೊಡ್ಡ ಕಾರ್ಡುಗಳಲ್ಲಿ ಕೆಲವು 340 ಮಿ.ಮೀ. ದಾಟಿಯೂ ಚಾಚುತ್ತವೆ. ಸಾಮಾನ್ಯ ಎಟಿಎಕ್ಸ್ ಮದರ್‌ಬೋರ್ಡಿನ ಅಗಲ 244 ಮಿ.ಮೀ., ಇ-ಎಟಿಎಕ್ಸ್ 330 ಮಿ.ಮೀ. ವರೆಗೂ ಇರುತ್ತದೆ, ದೊಡ್ಡ ಬೋರ್ಡು ಕೂತಮೇಲೆ ಪಕ್ಕದ ಕೇಬಲ್ ಕಿಂಡಿಗಳು ಮುಚ್ಚಿಹೋಗುತ್ತವೆಯೇ ಎಂದು ನೋಡಿ. ಕಾರ್ಡಿನ ಪವರ್ ಕೇಬಲ್ ಬುಡದಲ್ಲೇ ಮಡಚಿಕೊಳ್ಳದಂತೆ ಬಾಗಿಲಿನವರೆಗೆ ಸಾಕಷ್ಟು ಜಾಗವೂ ಬೇಕು.

ತಪ್ಪು ಕಲ್ಪನೆ: "ವೈರ್ ಹಿಂದೆ ಅಡಗಿಸೋದು ಬರೀ ಅಂದಕ್ಕೆ."

ಅಂದವೂ ಹೌದು, ಆದರೆ ಮುಂದೆ ಜೋತುಬಿದ್ದ ವೈರಿನ ಗೊಂಚಲು ದೂಳು ಕೂರುವ ಗೂಡು. ಬ್ಲೋವರ್ ಹಿಡಿದರೂ ಒಳಗಿನದು ಬರುವುದಿಲ್ಲ. ಮದರ್‌ಬೋರ್ಡ್ ತಟ್ಟೆಯ ಹಿಂದೆ 25 ಮಿ.ಮೀ. ಜಾಗವಿದ್ದರೆ ಬಾಗಿಲು ಒತ್ತದೆ ಮುಚ್ಚುತ್ತದೆ. ಪ್ರೊಸೆಸರ್ ಹಿಂಭಾಗದಲ್ಲಿ ತಟ್ಟೆಯನ್ನು ದೊಡ್ಡದಾಗಿ ಕತ್ತರಿಸಿದ್ದಾರೆಯೇ ಎಂಬುದನ್ನೂ ಗಮನಿಸಿ. ಇಲ್ಲದಿದ್ದರೆ ಕೂಲರ್ ಬದಲಿಸುವ ದಿನ ಇಡೀ ಬೋರ್ಡನ್ನೇ ಕಳಚಬೇಕಾಗುತ್ತದೆ.

ತಪ್ಪು ಕಲ್ಪನೆ: "ಭಾರ ಇದ್ರೆ ಗಟ್ಟಿ."

ಭಾರದಲ್ಲಿ ಗಾಜಿನ ಪಾಲೂ ಇರುತ್ತದೆ. ಬಾಗಿಲು ತೆಗೆದಾಗ ಚೌಕಟ್ಟು ಅಲುಗಾಡುತ್ತದೆಯೇ, ತಗಡಿನ ಅಂಚು ಮಡಚಿದೆಯೋ ಕೈ ಕುಯ್ಯುವಂತಿದೆಯೋ, ಇವನ್ನು ಬೆರಳಿನಿಂದ ಸವರಿ ತಿಳಿಯಬೇಕು. ತುಂಬಿದ ಫುಲ್ ಟವರ್ 20 ಕಿಲೋ ದಾಟುವುದುಂಟು. ದೂಳು ಊದಿಸಲು ಅದನ್ನು ಅಂಗಳಕ್ಕೆ ಹೊತ್ತು ತರಬೇಕಾದ್ದರಿಂದ ಹಿಡಿದೆತ್ತಲು ಮೇಲೆ, ಕೆಳಗೆ ಭದ್ರವಾದ ಜಾಗವಿದೆಯೇ ಎಂದು ದುಡ್ಡು ಕೊಡುವ ಮೊದಲೇ ಒಮ್ಮೆ ಎತ್ತಿ ನೋಡಿ.