ನುಸಿಗುಳಿಗೆಗೆ ಅಳಿಲು ಹೆದರುವುದಿಲ್ಲ

ತಾರಸಿ ತೋಟ ಮಾಡುವವರು ನಾಲ್ಕು ಜನ ಸೇರಿದ ಕಡೆ ಅಳಿಲಿನ ಮಾತು ಬಂದೇ ಬರುತ್ತದೆ. ಸೀಬೆಕಾಯಿ ಕಚ್ಚಿ ಬೀಳಿಸಿತು, ಟೊಮೆಟೊ ಕೆಂಪಾಗಲು ಬಿಡಲಿಲ್ಲ, ದಾಳಿಂಬೆಯ ಕಾಳೆಲ್ಲ ತಿಂದು ಸಿಪ್ಪೆಯನ್ನು ಮಾತ್ರ ಗಿಡದಲ್ಲಿ ಉಳಿಸಿತು. ದೂರು ಮುಗಿಯುವ ಮೊದಲೇ ಒಬ್ಬರು ಮದ್ದು ಹೇಳಿಬಿಡುತ್ತಾರೆ: “ಕುಂಡಕ್ಕೆ ಎರಡೆರಡು ನುಸಿಗುಳಿಗೆ ಹಾಕಿ, ವಾಸನೆಗೆ ಹತ್ತಿರ ಸುಳಿಯೋದಿಲ್ಲ.” ಉಳಿದವರು ತಲೆಯಾಡಿಸುತ್ತಾರೆ. ಸಂಜೆಯೊಳಗೆ ಅದೇ ಮಾತು ವಾಟ್ಸ್‌ಆ್ಯಪ್ ಗುಂಪುಗಳನ್ನೆಲ್ಲ ಸುತ್ತಿ, “ನೂರಕ್ಕೆ ನೂರು ಫಲಿತಾಂಶ” ಎಂಬ ಷರಾ ಅಂಟಿಸಿಕೊಂಡು, ನಮ್ಮ ಫೋನಿಗೇ ವಾಪಸಾಗುತ್ತದೆ.

ತೋಟದ ಸುತ್ತ ಹಬ್ಬಿರುವ ನಂಬಿಕೆಗಳಲ್ಲಿ ಬಹಳಷ್ಟು ನಿರುಪದ್ರವಿ. ಇದು ಹಾಗಲ್ಲ. ಸಿಟ್ಟು ಬರುವುದು ಅದಕ್ಕೇ.

ನುಸಿಗುಳಿಗೆ, ಅಂದರೆ ನ್ಯಾಫ್ತಲೀನ್ ಗುಳಿಗೆ, ಕೆಲಸ ಮಾಡುವುದು ಮುಚ್ಚಿದ ಜಾಗದಲ್ಲಿ. ಅದು ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಟ್ರಂಕಿನ ಮುಚ್ಚಳ ಹಾಕಿದಾಗ ಆ ಆವಿ ಹೊರಗೆ ಹೋಗಲಾರದೆ, ಬಟ್ಟೆ ತಿನ್ನುವ ನುಸಿಯ ಮರಿಹುಳು ಸಾಯುವಷ್ಟು ದಟ್ಟವಾಗುತ್ತದೆ. ತಾರಸಿಗೆ ಮುಚ್ಚಳ ಎಲ್ಲಿದೆ? ಒಂದು ಸಲ ಗಾಳಿ ಬೀಸಿದರೆ ಆವಿಯೆಲ್ಲ ಪಕ್ಕದ ಬೀದಿಯ ಪಾಲು. ಮೇಲಾಗಿ ಆ ಆವಿ ಗಾಳಿಗಿಂತ ಭಾರ. ಗುಳಿಗೆ ಇರುವುದು ಕುಂಡದ ಮಣ್ಣಿನ ಮೇಲೆ, ಸೀಬೆಹಣ್ಣು ಇರುವುದು ತಲೆಯೆತ್ತರದ ಕೊಂಬೆಯಲ್ಲಿ, ಅಳಿಲು ಬರುವುದು ಪಕ್ಕದ ಮನೆಯ ಕೇಬಲ್ ತಂತಿಯ ಮೇಲಿಂದ. ಈ ಮೂರೂ ಒಂದನ್ನೊಂದು ಭೇಟಿಯಾಗುವುದೇ ಇಲ್ಲ. “ಹಾಗಾದರೆ ನೀರಿನಲ್ಲಿ ಕರಗಿಸಿ ಸಿಂಪಡಿಸಿ” ಎನ್ನುವ ಬುದ್ಧಿವಂತರೂ ಇದ್ದಾರೆ. ನ್ಯಾಫ್ತಲೀನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ; ಅವರು ಸಿಂಪಡಿಸಿದ್ದು ಬರೀ ನೀರು.

ಅಳಿಲಿಗೆ ಏನೂ ಆಗುವುದಿಲ್ಲ, ಸರಿ. ಮನೆಯವರ ಕಥೆ ಬೇರೆ. ಬೆಳ್ಳಗೆ ದುಂಡಗೆ ಪೆಪ್ಪರ್‌ಮಿಂಟಿನಂತೆ ಕಾಣುವ ಗುಳಿಗೆಯನ್ನು ತೆವಳುವ ಮಗುವಿನ ಕೈಗೆಟುಕುವ ಎತ್ತರದಲ್ಲಿ, ಕುಂಡಕ್ಕೆ ಎರಡರಂತೆ, ನಾವೇ ಜೋಡಿಸಿಟ್ಟಿರುತ್ತೇವೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಗುವಿಗೆ ಒಂದೇ ಗುಳಿಗೆ ಸಾಕು, ಕೆಂಪು ರಕ್ತಕಣಗಳು ಒಡೆಯತೊಡಗುತ್ತವೆ. ಈ ಕೊರತೆ ಎಕ್ಸ್ ವರ್ಣತಂತುವಿನ ಮೂಲಕ ಬರುವುದರಿಂದ ಗಂಡುಮಕ್ಕಳಲ್ಲೇ ಹೆಚ್ಚು. ಇಂಥ ಗುಳಿಗೆಗಳ ಜೊತೆ ಎತ್ತಿಟ್ಟ ಬಟ್ಟೆಯನ್ನು ಹೊದಿಸಿದ್ದರಿಂದಲೇ ಎಳೆಗೂಸುಗಳಿಗೆ ತೀವ್ರ ಕಾಮಾಲೆ ಬಂದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2002ರಲ್ಲಿ ನ್ಯಾಫ್ತಲೀನನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ ಪಟ್ಟಿಗೆ, ಅಂದರೆ 2ಬಿ ವರ್ಗಕ್ಕೆ ಸೇರಿಸಿತು. ಅಮೆರಿಕದಲ್ಲಿ ಈ ಗುಳಿಗೆಯನ್ನು ತೋಟದಲ್ಲಿ ಹಾಕುವುದು ಕಾನೂನುಬಾಹಿರ, ಏಕೆಂದರೆ ಪೊಟ್ಟಣದ ಮೇಲೆ ಹೇಳಿರುವುದು ಮುಚ್ಚಿದ ಪೆಟ್ಟಿಗೆಯ ಬಳಕೆಯನ್ನು ಮಾತ್ರ. ನಾವೋ, ಒಂದು ಚೂರೂ ರಾಸಾಯನಿಕ ಬಳಸದ ಸಾವಯವ ತರಕಾರಿ ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತಲೇ ಕೊತ್ತಂಬರಿ ಸೊಪ್ಪಿನ ಬುಡಕ್ಕೆ ಕಲ್ಲಿದ್ದಲ ಡಾಂಬರಿನಿಂದ ತೆಗೆದ ಗುಳಿಗೆ ಇಡುತ್ತೇವೆ.

“ನಮ್ಮನೇಲಿ ಕೆಲಸ ಮಾಡಿತಲ್ಲ?” ಇದೊಂದು ಪ್ರಶ್ನೆ ಯಾವಾಗಲೂ ಸಿದ್ಧವಾಗಿರುತ್ತದೆ. ಹೌದು, ಗುಳಿಗೆ ಇಟ್ಟ ವಾರ ಅಳಿಲು ಬರಲಿಲ್ಲ. ಜನ ಗುಳಿಗೆ ತರುವುದು ಹಾವಳಿ ಮಿತಿಮೀರಿದಾಗ, ಅಂದರೆ ಹಣ್ಣು ಮುಗಿಯುತ್ತ ಬಂದಾಗ. ಹಣ್ಣು ಮುಗಿದರೆ ಅಳಿಲು ಇನ್ನೊಂದು ಮರ ನೋಡಿಕೊಳ್ಳುತ್ತದೆ. ಜೊತೆಗೆ ಎಷ್ಟೋ ಪ್ರಾಣಿಗಳು ಹೊಸ ವಸ್ತು ಕಂಡರೆ ಕೆಲವು ದಿನ ದೂರವಿದ್ದು ನೋಡುತ್ತವೆ. ಇಲಿಯಂತೂ ಇದಕ್ಕೇ ಹೆಸರಾದದ್ದು. ಆ ನಾಲ್ಕು ದಿನಗಳಲ್ಲಿ ಕುಂಡದ ಮೇಲೆ ಹಳೆಯ ಚಪ್ಪಲಿ ಇಟ್ಟಿದ್ದರೂ ಅದೇ ಫಲಿತಾಂಶ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಯನ್ನು ಪೈಲ್ವಾನ್ ಎನ್ನಲಾಗುತ್ತದೆಯೇ?

ಇನ್ನುಳಿದ ನಂಬಿಕೆಗಳಿಗೆ ಇಷ್ಟು ಜಾಗ ಕೊಡಬೇಕಾಗಿಲ್ಲ.

ರಾತ್ರೋರಾತ್ರಿ ಹಣ್ಣು ಹಾಳಾದರೆ ಅಳಿಲಿನ ಕೆಲಸ: ಅಳಿಲು ಹಗಲಿನ ಪ್ರಾಣಿ, ರಾತ್ರಿ ಗೂಡಿನಲ್ಲಿ ಮಲಗಿರುತ್ತದೆ, ಸಪೋಟದ ಮರದಡಿ ಬೆಳಗ್ಗೆ ಸಿಪ್ಪೆ ಬಿದ್ದಿದ್ದರೆ ಬಾವಲಿಯನ್ನೋ ಇಲಿಯನ್ನೋ ವಿಚಾರಿಸಿ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೊಕ್ಕೋ ಬೆಳೆಯುವವರು ಕಾಯಿ ನೋಡಿಯೇ ಕಳ್ಳನನ್ನು ಗುರುತಿಸುತ್ತಾರೆ: ತೊಟ್ಟಿನ ಬಳಿ ಕೊರೆದಿದ್ದರೆ ಇಲಿ, ಮಧ್ಯದಲ್ಲಿ ಕೊರೆದಿದ್ದರೆ ಅಳಿಲು.

ಖಾರದ ಪುಡಿ ಎರಚಿದರೆ ಯಾವ ಪ್ರಾಣಿಯೂ ಮುಟ್ಟುವುದಿಲ್ಲ: ಅರ್ಧ ನಿಜ. ಅಳಿಲಿಗೆ ಖಾರ ಹತ್ತುತ್ತದೆ, ಆದರೆ ಒಂದು ಮಳೆಗೆ ತೊಳೆದುಹೋಗುತ್ತದೆ. ಹಕ್ಕಿಗಳ ನರಕ್ಕೆ ಮೆಣಸಿನಕಾಯಿಯ ಉರಿ ತಾಗುವುದೇ ಇಲ್ಲ. ಗಿಣಿಗೆ ಹಸಿಮೆಣಸಿನಕಾಯಿ ತಿನ್ನಿಸಿ ಬೆಳೆದ ನಾವೇ ಗಿಣಿ ಓಡಿಸಲು ಖಾರ ಎರಚುವುದು ತಮಾಷೆಯಾಗಿದೆ.

ಕಿವಿಗೆ ಕೇಳದ ಶಬ್ದ ಹೊರಡಿಸುವ ಯಂತ್ರ: ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಇಂಥವನ್ನು ತಯಾರಿಸಿ ಮಾರುವ ಅರವತ್ತಕ್ಕೂ ಹೆಚ್ಚು ಕಂಪನಿಗಳಿಗೆ, ನಿಮ್ಮ ಮಾತಿಗೆ ವೈಜ್ಞಾನಿಕ ಪುರಾವೆ ಇರಬೇಕು ಎಂದು ಎಚ್ಚರಿಕೆ ಪತ್ರ ಬರೆಯಿತು. ನಮ್ಮಲ್ಲಿ ಅದು ಇನ್ನೂ ಹೊಸ ಆವಿಷ್ಕಾರವಾಗಿಯೇ ಮಾರಾಟವಾಗುತ್ತಿದೆ.

ಹುಲಿ ಗೊಂಬೆ ಕಂಡರೆ ಮಂಗ ಬರುವುದಿಲ್ಲ: ಅಲುಗಾಡದ ಹುಲಿ ಅಪಾಯವಲ್ಲ ಎಂದು ತಿಳಿಯಲು ಮಂಗಕ್ಕೆ ಹೆಚ್ಚು ದಿನ ಬೇಕಾಗಿಲ್ಲ, ಗೊಂಬೆಯ ಜಾಗವನ್ನು ಆಗಾಗ ಬದಲಿಸಿದರೆ ಮೋಸ ಸ್ವಲ್ಪ ಹೆಚ್ಚು ದಿನ ನಡೆದೀತು, ಅಷ್ಟೆ.

ಪ್ರತ್ಯೇಕವಾಗಿ ಕಡಲೆಬೀಜ ಹಾಕಿದರೆ ಅಳಿಲು ಗಿಡ ಬಿಡುತ್ತದೆ: ಬಿಡುವುದಿಲ್ಲ, ಬಳಗವನ್ನೂ ಕರೆತರುತ್ತದೆ.

ಹಾಗಾದರೆ ಕೆಲಸ ಮಾಡುವುದೇನು? ಬೇಸರದ ಸಂಗತಿಗಳು. ಅರ್ಧ ಇಂಚಿನ ಕಣ್ಣಿನ ಕಬ್ಬಿಣದ ತಂತಿಯ ಜಾಲರಿ ಕೆಲಸ ಮಾಡುತ್ತದೆ. ನೈಲಾನ್ ಬಲೆಯನ್ನು ಅಳಿಲು ಕಡಿದು ಹಾಕುತ್ತದೆ. ಸಡಿಲವಾಗಿ ಬಿಟ್ಟರೆ ಅದರಲ್ಲಿ ಹಕ್ಕಿ, ಹಾವು ಸಿಕ್ಕಿ ಸಾಯುತ್ತವೆ. ತೆಂಗಿನ ಮರದ ಕಾಂಡಕ್ಕೆ ಆಳೆತ್ತರದಲ್ಲಿ ಸುತ್ತುವ ನುಣುಪು ತಗಡು ಕೆಲಸ ಮಾಡುತ್ತದೆ, ಪಕ್ಕದ ಮರದ ಗರಿ ತಾಗದಿದ್ದರೆ ಮಾತ್ರ. ಎಲ್ಲಕ್ಕಿಂತ ಸುಲಭ, ಬೇಗ ಕೊಯ್ಯುವುದು: ಸಪೋಟ, ಸೀತಾಫಲ, ಮಾವು ಬಲಿತರೆ ಸಾಕು, ಮನೆಯೊಳಗೇ ಹಣ್ಣಾಗುತ್ತವೆ. ಟೊಮೆಟೊ ಬಣ್ಣ ತಿರುಗಿದ ಕೂಡಲೇ ಕಿತ್ತರೆ ಅಡುಗೆಮನೆಯಲ್ಲಿ ಕೆಂಪಾಗುತ್ತದೆ. ದಾಳಿಂಬೆ ಕಿತ್ತ ಮೇಲೆ ಮಾಗುವುದಿಲ್ಲ, ಆದ್ದರಿಂದ ಜಾಲರಿ ಅದಕ್ಕೆ ಮೀಸಲಿಡಿ.

ಇದನ್ನೆಲ್ಲ ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಏಕೆಂದರೆ ಇದರಲ್ಲಿ ಗುಟ್ಟಿಲ್ಲ. ಜಾಲರಿಗೆ ದುಡ್ಡು ಬೇಕು, ಅಳತೆ ಬೇಕು, ಭಾನುವಾರದ ಮಧ್ಯಾಹ್ನ ಹಾಳಾಗುತ್ತದೆ. ಹತ್ತು ರೂಪಾಯಿಯ ಪೊಟ್ಟಣದಲ್ಲಿ ಪರಿಹಾರವಿದೆ ಎಂದರೆ ಕೇಳಲು ಹಿತ. ಸೊಪ್ಪಿನವಳ ಹತ್ತಿರ ಕಟ್ಟು ಬಿಚ್ಚಿಸಿ ನೋಡುವವರು, ಸೀರೆ ಕೊಳ್ಳುವಾಗ ಬಣ್ಣ ಬಿಡುತ್ತದೆಯೇ ಎಂದು ಮೂರು ಸಲ ಕೇಳುವವರು, ಫೋನಿನಲ್ಲಿ ಬಂದ ಮದ್ದಿಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಕೇಳಬೇಕಾದ್ದು ಇಷ್ಟೇ: ಗುಳಿಗೆ ಇಡದೆ ಬಿಟ್ಟ ಕುಂಡಗಳು ಎಷ್ಟಿದ್ದವು, ಅವುಗಳ ಗತಿ ಏನಾಯಿತು? ಇದಕ್ಕೆ ಉತ್ತರ ಹೇಳುವವರು ನನಗೆ ಇನ್ನೂ ಸಿಕ್ಕಿಲ್ಲ. ಪ್ರಶ್ನೆ ಕೇಳದ ಇದೇ ಅಭ್ಯಾಸ ತೋಟದಿಂದ ಔಷಧದ ಡಬ್ಬಿಗೆ, ಅಲ್ಲಿಂದ ಮಕ್ಕಳ ಜ್ವರಕ್ಕೆ ಹಬ್ಬಲು ಹೆಚ್ಚು ಹೊತ್ತು ಬೇಡ.

ಕುಂಡಗಳಲ್ಲಿ ಗುಳಿಗೆ ಇದ್ದರೆ ಇವತ್ತೇ ಆರಿಸಿ ತೆಗೆಯಿರಿ. ಗೊಬ್ಬರದ ಗುಂಡಿಗೆ ಎಸೆಯಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕಟ್ಟಿ, ಅಪಾಯಕಾರಿ ಕಸವೆಂದು ಹೇಳಿ ಬೇರೆಯಾಗಿ ಕೊಡಿ. ಮಗು ಒಂದನ್ನು ನುಂಗಿದ ಅನುಮಾನ ಬಂದರೆ ಉಪ್ಪುನೀರು ಕುಡಿಸುತ್ತಾ, ಹಾಲು ಕುಡಿಸುತ್ತಾ ಕೂರಬೇಡಿ, ಪೊಟ್ಟಣದ ಸಮೇತ ಆಸ್ಪತ್ರೆಗೆ ಹೋಗಿ.